ಇಷ್ಟು ವರ್ಷ ತಿಂದಿದ್ದೇವೆ, ಏನಾಗಿದೆ?

ನಮ್ಮ ರಸ್ತೆಯ ತಿರುವಿನಲ್ಲಿ ಒಂದು ಹೋಟೆಲ್ ಇದೆ. ಬೆಳಗ್ಗೆ ಆರು ಗಂಟೆಗೆ ಬಾಗಿಲು ತೆಗೆಯುತ್ತದೆ. ಆರೂಕಾಲಿಗೆ ಹೋದರೆ ಮೊದಲ ಒಬ್ಬೆಯ ಇಡ್ಲಿ ಸಿಗುತ್ತದೆ. ನನ್ನ ಮಗಳು ಮೊದಲ ಸಲ ಹೋಟೆಲ್ ತಿಂಡಿ ತಿಂದದ್ದು ಅಲ್ಲೇ. ಅಪ್ಪ ಇದ್ದಾಗ ಭಾನುವಾರದ ಕಾಫಿಯೂ ಅಲ್ಲೇ. ಇಂಥ ಒಂದು ಹೋಟೆಲ್ ನಿಮಗೂ ಇರುತ್ತದೆ, ಅಲ್ವಾ?

ಒಂದು ದಿನ ಬೆಳಗ್ಗೆ ಅಲ್ಲಿ ಇಬ್ಬರು ಅಧಿಕಾರಿಗಳು ಅಡುಗೆಮನೆಯೊಳಗೆ ನಿಂತಿದ್ದರು. ಒಬ್ಬರ ಕೈಯಲ್ಲಿ ಉದ್ದ ಕಡ್ಡಿಯ ಥರ್ಮಾಮೀಟರ್. ಇನ್ನೊಬ್ಬರ ಕೈಯಲ್ಲಿ ಒಂದು ಪಟ್ಟಿ. ಹೊರಗೆ ಕಾಫಿ ಲೋಟ ಹಿಡಿದಿದ್ದ ಹಿರಿಯರೊಬ್ಬರು, "ಇಷ್ಟು ವರ್ಷ ತಿಂದಿದ್ದೇವೆ, ನಮಗೆ ಏನಾಗಿದೆ? ಸುಮ್ನೆ ತೊಂದರೆ ಕೊಡ್ತಾರೆ" ಎಂದರು. ನಾವು ನಾಲ್ಕೈದು ಜನ ತಲೆಯಾಡಿಸಿದೆವು.

ಆಮೇಲೆ ಹೋಟೆಲಿಗೆ ನೋಟಿಸ್ ಬಂತು. ಮಾಲೀಕರು ಹಳೆಯ ಪರಿಚಯ. ಬೇಜಾರಿನಿಂದಲೇ ಅದನ್ನು ನನಗೆ ತೋರಿಸಿದರು. ಜಿರಳೆ, ಇಲಿ, ಕೊಳಕು ಗೋಡೆ ಎಂದೆಲ್ಲ ಇರಬಹುದು ಎಂದುಕೊಂಡಿದ್ದೆ. ಇದ್ದದ್ದು ನಾಲ್ಕು ವಿಷಯ. ನೀರಿನ ಪರೀಕ್ಷೆಯ ವರದಿ ಇಲ್ಲ. ಹೊಸದಾಗಿ ಸೇರಿದ ಮೂವರು ಕೆಲಸಗಾರರ ವೈದ್ಯಕೀಯ ತಪಾಸಣೆ ಆಗಿಲ್ಲ. ಚಟ್ನಿ ಪಾತ್ರೆಗೆ ಮುಚ್ಚಳವಿಲ್ಲ, ಅದನ್ನು ನೆಲದ ಮೇಲೆ ಇಡಲಾಗಿದೆ. ಹಿಂದಿನ ರಾತ್ರಿಯ ಸಾಂಬಾರನ್ನು ದೊಡ್ಡ ಪಾತ್ರೆಯಲ್ಲಿ ಹಾಗೇ ಬಿಡಲಾಗಿದೆ.

ಗಿರಾಕಿಯಾಗಿ ನಾನು ಈ ನಾಲ್ಕರಲ್ಲಿ ಒಂದನ್ನೂ ಎಂದೂ ಗಮನಿಸಿರಲಿಲ್ಲ. ನಾನು ನೋಡುತ್ತಿದ್ದದ್ದು ಟೇಬಲ್ ಒರೆಸಿದ್ದಾರಾ, ನೆಲ ಒದ್ದೆ ಇದೆಯಾ, ತಟ್ಟೆಗೆ ಜಿಡ್ಡು ಹತ್ತಿದೆಯಾ ಎಂಬುದನ್ನು. ಕಣ್ಣಿಗೆ ಕೊಳಕಾಗಿ ಕಾಣುವುದು ಒಂದು, ಹೊಟ್ಟೆ ಕೆಡಿಸುವುದು ಇನ್ನೊಂದು. ಈ ಎರಡರ ನಡುವಿನ ಅಂತರ ಅರ್ಥವಾದರೆ ತಪಾಸಣೆ ಎಂದರೇನು ಎಂಬುದೂ ಅರ್ಥವಾಗುತ್ತದೆ.

ಮೊದಲು ಕಾನೂನಿನ ವಿಷಯ ಹೇಳಿಬಿಡುತ್ತೇನೆ. ನಮ್ಮಲ್ಲಿ ಬಹಳ ಕಾಲ 1954ರ ಆಹಾರ ಕಲಬೆರಕೆ ತಡೆ ಕಾಯ್ದೆ ಇತ್ತು. ಹೆಸರೇ ಹೇಳುವಂತೆ ಅದರ ಗಮನವೆಲ್ಲ ಕಲಬೆರಕೆಯ ಮೇಲೆ. ಹಾಲಿಗೆ ನೀರು, ಖಾರದಪುಡಿಗೆ ಇಟ್ಟಿಗೆಪುಡಿ, ಇಂಥವು. 2006ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂತು. ಅದು ಪೂರ್ತಿ ಜಾರಿಯಾದದ್ದು 2011ರ ಆಗಸ್ಟ್‌ನಲ್ಲಿ. ಹಳೆಯ ಫುಡ್ ಇನ್ಸ್‌ಪೆಕ್ಟರ್ ಈಗ ಆಹಾರ ಸುರಕ್ಷತಾ ಅಧಿಕಾರಿ. ಹೆಸರಿನ ಜೊತೆ ಕೆಲಸವೂ ಬದಲಾಯಿತು. ತಿಂಡಿಯಲ್ಲಿ ಏನು ಬೆರೆತಿದೆ ಎಂಬುದರ ಜೊತೆಗೆ ಅದನ್ನು ಹೇಗೆ ಮಾಡಿದರು, ಎಲ್ಲಿ ಇಟ್ಟರು, ಯಾರು ಮುಟ್ಟಿದರು ಎಂಬುದೂ ಈಗ ಪ್ರಶ್ನೆ. ಹೋಟೆಲಿನೊಳಗೆ ಹೋಗಿ ನೋಡಲು, ಮಾದರಿ ತೆಗೆಯಲು, ಅನುಮಾನ ಬಂದ ಪದಾರ್ಥವನ್ನು ಜಪ್ತಿ ಮಾಡಲು ಈ ಅಧಿಕಾರಿಗೆ ಅಧಿಕಾರವಿದೆ. ಇವರ ಮೇಲೆ ಅಂಕಿತಾಧಿಕಾರಿ ಇರುತ್ತಾರೆ. ಲೈಸೆನ್ಸ್ ಕೊಡುವುದು, ನೋಟಿಸ್ ಕೊಡುವುದು ಅವರ ಕೆಲಸ. ನಗರಪಾಲಿಕೆಯ ಟ್ರೇಡ್ ಲೈಸೆನ್ಸ್ ಬೇರೆ. ಅದನ್ನು ನೋಡಲು ಬರುವ ಆರೋಗ್ಯ ನಿರೀಕ್ಷಕರೂ ಬೇರೆ. ಜನ ಈ ಎರಡನ್ನೂ ಬೆರೆಸಿ ಮಾತಾಡುತ್ತಾರೆ.

ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಪ್ರತಿ ಹೋಟೆಲಿಗೂ 14 ಅಂಕಿಯ ಒಂದು ಸಂಖ್ಯೆ ಇರುತ್ತದೆ. 2022ರ ಜನವರಿಯಿಂದ ಅದನ್ನು ಬಿಲ್ಲಿನ ಮೇಲೂ ಮುದ್ರಿಸಬೇಕು. ಮುಂದಿನ ಸಲ ಬಿಲ್ ಬಂದಾಗ ನೋಡಿ. 112 ಎಂದು ಶುರುವಾದರೆ ಅದು ಕರ್ನಾಟಕದಲ್ಲಿ ಕೊಟ್ಟ ರಾಜ್ಯ ಲೈಸೆನ್ಸ್. 212 ಎಂದಿದ್ದರೆ ಸಣ್ಣ ವ್ಯಾಪಾರದ ನೋಂದಣಿ. ನಂತರದ ಎರಡು ಅಂಕಿ ಅದನ್ನು ಕೊಟ್ಟ ವರ್ಷ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಲೈಸೆನ್ಸ್ ಯಾರ ಹೆಸರಲ್ಲಿದೆ, ಇನ್ನೂ ಜೀವಂತವಾಗಿದೆಯಾ ಎಂದು ಗೊತ್ತಾಗುತ್ತದೆ.

ಈಗ ಅಡುಗೆಮನೆಗೆ ಬರೋಣ. ಹೇಳಬೇಕಾದದ್ದು ಜಾಸ್ತಿ ಇರುವುದು ಅಲ್ಲೇ.

ಇಡ್ಲಿಯನ್ನೇ ತೆಗೆದುಕೊಳ್ಳಿ. ಉದ್ದು, ಅಕ್ಕಿ ರುಬ್ಬಿದ ಹಿಟ್ಟು ರಾತ್ರಿಯೆಲ್ಲ ಹೊರಗೇ ಇರುತ್ತದೆ. ಹೊರಗಿಟ್ಟದ್ದು ಕೆಡಬೇಕಲ್ಲವೇ? ಕೆಡುವುದಿಲ್ಲ, ಹುದುಗುತ್ತದೆ. ಉದ್ದಿನಲ್ಲೇ ಇರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಹಿಟ್ಟನ್ನು ಹುಳಿ ಮಾಡುತ್ತವೆ. ರೋಗ ತರುವ ಬಹಳಷ್ಟು ಬ್ಯಾಕ್ಟೀರಿಯಾಗಳಿಗೆ ಆ ಹುಳಿ ಆಗಿಬರುವುದಿಲ್ಲ. ಬೆಳಗ್ಗೆ ಅದೇ ಹಿಟ್ಟು ಹಬೆಯಲ್ಲಿ ಹತ್ತು ಹನ್ನೆರಡು ನಿಮಿಷ ಬೇಯುತ್ತದೆ. ಪಾತ್ರೆಯಿಂದ ಇಳಿದ ಕೂಡಲೇ ನಿಮ್ಮ ತಟ್ಟೆಗೆ ಬರುತ್ತದೆ. ಹುಳಿ, ಹಬೆ, ಬಿಸಿ. ಹೀಗೆ ಮೂರು ಕಾವಲು. ನನ್ನ ಪ್ರಕಾರ ಹೋಟೆಲಿನಲ್ಲಿ ಸಿಗುವ ತಿಂಡಿಗಳಲ್ಲಿ ಬಿಸಿ ಇಡ್ಲಿಯಷ್ಟು ನಂಬಿಕೆಯದು ಇನ್ನೊಂದಿಲ್ಲ.

ಅದರ ಪಕ್ಕದಲ್ಲಿರುವ ಚಟ್ನಿಗೆ ಈ ಮೂರರಲ್ಲಿ ಒಂದು ಕಾವಲೂ ಇಲ್ಲ. ಹಸಿ ತೆಂಗಿನಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ, ಉಪ್ಪು, ನೀರು. ರುಬ್ಬುವುದು, ಬಡಿಸುವುದು, ಅಷ್ಟೇ. ಎಲ್ಲೂ ಬೇಯುವುದಿಲ್ಲ. ಒಗ್ಗರಣೆ ಹಾಕುತ್ತಾರಲ್ಲ ಎನ್ನಬಹುದು. ಒಂದು ಬಕೆಟ್ ಚಟ್ನಿಗೆ ಒಂದು ಸೌಟು ಬಿಸಿ ಎಣ್ಣೆ ಬಿದ್ದರೆ ಪರಿಮಳ ಬರುತ್ತದೆ, ಚಟ್ನಿ ಬಿಸಿಯಾಗುವುದಿಲ್ಲ. ಆದ್ದರಿಂದ ಚಟ್ನಿ ಒಳ್ಳೆಯದಾಗಿರಬೇಕಾದರೆ ಅದಕ್ಕೆ ಹಾಕಿದ ನೀರು, ಕಾಯಿ ತುರಿದ ಕೈ, ಗ್ರೈಂಡರಿನ ಒಳಮೈ, ಬಡಿಸುವ ಸೌಟು ಎಲ್ಲವೂ ಸ್ವಚ್ಛವಾಗಿರಬೇಕು. ಒಂದು ತಪ್ಪಿದರೂ ಅದನ್ನು ಸರಿಪಡಿಸುವ ಬೆಂಕಿ ಮುಂದೆ ಎಲ್ಲೂ ಸಿಗುವುದಿಲ್ಲ.

ಇದರ ಮೇಲೆ ಸಮಯದ ಲೆಕ್ಕ. 5 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, 60 ಡಿಗ್ರಿಗಿಂತ ಕೆಳಗೆ ಬ್ಯಾಕ್ಟೀರಿಯಾಗಳಿಗೆ ಸುಗ್ಗಿ. ಹಿತವಾದ ಬಿಸಿ, ತೇವ, ಆಹಾರ ಮೂರೂ ಸಿಕ್ಕರೆ ಕೆಲವು ಜಾತಿಯವು 20 ನಿಮಿಷಕ್ಕೆ ದುಪ್ಪಟ್ಟಾಗುತ್ತವೆ. ಹಾಗೇ ನಡೆದರೆ ಒಂದೇ ಒಂದು ಬ್ಯಾಕ್ಟೀರಿಯಾ ಆರು ಗಂಟೆಯಲ್ಲಿ 2,62,144 ಆಗುತ್ತದೆ. ಬೆಳಗ್ಗೆ ಐದಕ್ಕೆ ರುಬ್ಬಿದ ಚಟ್ನಿಯ ತಳವನ್ನು ಹನ್ನೊಂದಕ್ಕೆ ಬಡಿಸಿದರೆ ಸರಿಯಾಗಿ ಆರು ಗಂಟೆ. ಖಾಲಿಯಾಗುತ್ತಾ ಬಂದ ಬಕೆಟ್ಟಿಗೇ ಹೊಸ ಚಟ್ನಿ ಸುರಿಯುವ ಅಭ್ಯಾಸ ಇನ್ನೂ ಕೆಟ್ಟದ್ದು. ಹಳೆಯದು ಹೊಸದಕ್ಕೆ ಹೆಪ್ಪು ಹಾಕಿದಂತೆ ಆಗುತ್ತದೆ. ಆದ್ದರಿಂದಲೇ ಬುದ್ಧಿವಂತ ಭಟ್ಟರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ ರುಬ್ಬುತ್ತಾರೆ. ಪ್ರತಿ ಸಲ ಪಾತ್ರೆಯನ್ನೂ ಬದಲಿಸುತ್ತಾರೆ.

ಚಟ್ನಿ ನಿಂತಿರುವುದು ನೀರಿನ ಮೇಲೆ. ಬೆಂಗಳೂರಿನ ಒಂದು ಹೋಟೆಲಿನ ಸಂಪಿನಲ್ಲಿ ಎಷ್ಟು ಬಗೆಯ ನೀರು ಸೇರಿರುತ್ತದೆ ಯೋಚಿಸಿ. ಒಂದು ದಿನ ಕಾವೇರಿ, ಒಂದು ದಿನ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ಆಹಾರಕ್ಕೆ ತಾಗುವ ನೀರು ಐಎಸ್ 10500 ಎಂಬ ಕುಡಿಯುವ ನೀರಿನ ಮಾನದಂಡಕ್ಕೆ ಸರಿಹೊಂದಬೇಕು, ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಬೇಕು ಎನ್ನುತ್ತದೆ ತಪಾಸಣೆಯ ಪಟ್ಟಿ. ಆ ವರದಿ ಇಲ್ಲದ್ದನ್ನು ನಮ್ಮ ಮಾಲೀಕರು ಬರೀ ಕಾಗದದ ಕೊರತೆ ಎಂದುಕೊಂಡಿದ್ದರು. ಆದರೆ ನೀರು ನೋಡಿದರೆ ತಿಳಿಯಾಗಿಯೇ ಕಾಣುತ್ತದೆ. ಒಳಗೇನಿದೆ ಎಂದು ಹೇಳಲು ಆ ಕಾಗದ ಬಿಟ್ಟು ಬೇರೆ ದಾರಿಯಿಲ್ಲ.

ಅನ್ನದ ಕಥೆಯೂ ಕೇಳಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಒಂದು ಬ್ಯಾಕ್ಟೀರಿಯಾ ಇರಬಹುದು. ಅದು ಬೀಜದಂಥ ಗಟ್ಟಿ ರೂಪದಲ್ಲಿ ಅಡಗಿರುತ್ತದೆ. ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಮೆಲ್ಲಗೆ ಆರುತ್ತಿದ್ದಂತೆ ಎಚ್ಚರವಾಗಿ ಬೆಳೆಯುತ್ತದೆ, ವಿಷ ಬಿಡುತ್ತದೆ. ವಾಂತಿ ಬರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ರಾತ್ರಿ ಉಳಿದ ಅನ್ನವನ್ನು ಹೊರಗೇ ಬಿಟ್ಟು ಬೆಳಗ್ಗೆ ಚಿತ್ರಾನ್ನ ಕಲಸಿದರೆ ಒಗ್ಗರಣೆಯಾಗಲಿ, ನಿಂಬೆಹುಳಿಯಾಗಲಿ ಕಾಪಾಡುವುದಿಲ್ಲ. ಬಿಸಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮ ಮನೆಗಳಲ್ಲೂ ಇದೆ. ಅದು ಅರ್ಧ ಮಾತ್ರ ನಿಜ.

ಸಾಂಬಾರಿನದು ಇನ್ನೊಂದು ಥರ. ಒಲೆಯ ಮೇಲೆ ಕುದಿಯುತ್ತಿರುವವರೆಗೆ ಅದಕ್ಕೆ ಭಯವಿಲ್ಲ. ಉಳಿದಾಗ ತೊಂದರೆ ಶುರು. ನಲವತ್ತು ಲೀಟರಿನ ಪಾತ್ರೆಯ ನಡುವಿನ ಸಾಂಬಾರು ಆರಲು ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತೂ ಅದು ಬ್ಯಾಕ್ಟೀರಿಯಾಗಳಿಗೆ ಬೆಚ್ಚನೆಯ ಮನೆ. ಫ್ರಿಜ್ಜಿನಲ್ಲಿ ಇಡುವ ಇಂಥ ಪದಾರ್ಥವನ್ನು ಎರಡು ಗಂಟೆಯೊಳಗೆ 60 ಡಿಗ್ರಿಯಿಂದ 21ಕ್ಕೆ, ಮುಂದಿನ ಎರಡು ಗಂಟೆಯೊಳಗೆ 5 ಡಿಗ್ರಿಗೆ ಇಳಿಸಬೇಕು ಎಂಬುದು ನಿಯಮ. ದೊಡ್ಡ ಪಾತ್ರೆಯಲ್ಲಿ ಅದು ಆಗದ ಮಾತು. ಅಗಲವಾದ ತಟ್ಟೆಗಳಿಗೆ ತೆಳ್ಳಗೆ ಸುರಿಯಬೇಕು, ಇಲ್ಲವೇ ಐಸ್ ನೀರಿನಲ್ಲಿ ಪಾತ್ರೆ ಇಡಬೇಕು. ಎಲ್ಲಕ್ಕಿಂತ ಒಳ್ಳೆಯದು, ಉಳಿಯದಷ್ಟೇ ಮಾಡುವುದು. ಅಧಿಕಾರಿ ಥರ್ಮಾಮೀಟರ್ ತಂದದ್ದು ಇದಕ್ಕೇ.

ಇನ್ನು ಕೈಗಳು. ಆಹಾರ ಮುಟ್ಟುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಟೈಫಾಯ್ಡ್‌ನಂಥ ಕರುಳಿನ ಕಾಯಿಲೆಗಳ ವಿರುದ್ಧ ಲಸಿಕೆ ಹಾಕಿಸಬೇಕು. ಟೈಫಾಯ್ಡ್ ವಾಸಿಯಾದ ಕೆಲವರಲ್ಲಿ ರೋಗಾಣು ಉಳಿದುಬಿಡುತ್ತದೆ. ಅವರು ಗಟ್ಟಿಮುಟ್ಟಾಗೇ ಇರುತ್ತಾರೆ, ತಮಗೆ ಗೊತ್ತಿಲ್ಲದೇ ಬೇರೆಯವರಿಗೆ ಹಂಚುತ್ತಿರುತ್ತಾರೆ. ಇದು ಅವರ ತಪ್ಪಲ್ಲ. ದೂರದ ಊರಿನಿಂದ ಬಂದು, ಹೋಟೆಲಿನ ಮೇಲಿನ ಕೋಣೆಯಲ್ಲಿ ಎಂಟು ಜನರ ಜೊತೆ ಮಲಗುವ ಹುಡುಗನಿಗೆ ತಪಾಸಣೆ ಮಾಡಿಸಬೇಕಾದವರು ಮಾಲೀಕರು. ಜ್ವರ, ಭೇದಿ ಇದ್ದರೆ ಅವನಿಗೆ ರಜೆ ಕೊಡಬೇಕು. ಆ ದಿನದ ಸಂಬಳ ಹಿಡಿದರೆ ಅವನು ಕಾಯಿಲೆ ಮುಚ್ಚಿಟ್ಟು ಕೆಲಸಕ್ಕೆ ಬರುತ್ತಾನೆ. ಕೆಲಸಗಾರನ ಒಂದು ದಿನದ ಸಂಬಳಕ್ಕೂ ನಮ್ಮ ಹೊಟ್ಟೆಗೂ ಇಷ್ಟು ಹತ್ತಿರದ ಸಂಬಂಧ ಇದೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಕೈತೊಳೆಯುವ ಜಾಗವೂ ಅಷ್ಟೇ ಮುಖ್ಯ. ಗಿರಾಕಿಗಳಿಗೆ ಸೋಪು ಇಟ್ಟಿರುತ್ತಾರೆ. ಒಳಗೆ ಕೆಲಸ ಮಾಡುವವರಿಗೆ ಬೇರೆ ನಲ್ಲಿ, ಸೋಪು ಇದೆಯಾ? ಟೇಬಲ್ ಒರೆಸಿದ ಬಟ್ಟೆಯಲ್ಲೇ ತಟ್ಟೆ ಒರೆಸುತ್ತಾರಾ? ಚಮಚ ಮುಳುಗಿಸಿಟ್ಟ ನೀರು ಕೈ ಸುಡುವಷ್ಟು ಬಿಸಿ ಇದೆಯಾ, ಬರೀ ಉಗುರುಬೆಚ್ಚಗಿದೆಯಾ? ಬೆಚ್ಚಗಿನ ನೀರು ಚಮಚವನ್ನು ಶುದ್ಧ ಮಾಡುವುದಿಲ್ಲ. ಹತ್ತಾರು ಜನರ ಬೆರಳು ತಾಗಿದ್ದನ್ನು ಒಂದೇ ಕಡೆ ಸೇರಿಸುತ್ತದೆ.

ಈ ಎಲ್ಲವೂ ಒಂದು ಅಂಕಪಟ್ಟಿಯಲ್ಲಿ ಬರುತ್ತವೆ. ಹೋಟೆಲುಗಳಿಗಾಗಿ ಮಾಡಿದ ಈ ಪಟ್ಟಿಗೆ ಒಟ್ಟು 114 ಅಂಕ. ಮಾಮೂಲಿ ಅಂಶಗಳಿಗೆ 2 ಅಂಕ, ನಕ್ಷತ್ರ ಗುರುತಿನ ಮುಖ್ಯ ಅಂಶಗಳಿಗೆ 4. ನೀರು ಈ ನಕ್ಷತ್ರದ ಗುಂಪಿಗೆ ಸೇರಿದ್ದು. ಬೇರೆಲ್ಲ ಚೆನ್ನಾಗಿದ್ದರೂ ನಕ್ಷತ್ರದ ಅಂಶ ಬಿದ್ದರೆ ಹೋಟೆಲ್ ತೇರ್ಗಡೆಯಾಗದೇ ಇರಬಹುದು. ಹೊಳೆಯುವ ಟೈಲ್ಸ್ ಹಾಕಿದ ಹೋಟೆಲ್ ಇಲ್ಲಿ ಸೋಲಬಹುದು. ಹಳೆಯ ಕೆಂಪು ನೆಲದ, ಮಸಿ ಹಿಡಿದ ಒಲೆಯ ಹೋಟೆಲ್ ಚೆನ್ನಾಗಿ ಪಾಸಾಗಬಹುದು.

ಈಚಿನ ವರ್ಷಗಳಲ್ಲಿ ನಮ್ಮ ರಾಜ್ಯದಲ್ಲಿ ಸುದ್ದಿಯಾದ ತಪಾಸಣೆಗಳು ಬೇರೆ ಬಗೆಯವು. 2024ರ ಮಾರ್ಚ್‌ನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವಂತಿಲ್ಲ ಎಂದು ಪ್ರಕಟಿಸಿದರು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಬಾಂಬೆ ಮಿಠಾಯಿಯಲ್ಲಿ ರೋಡಮಿನ್-ಬಿ ಸಿಕ್ಕಿತು. ಅದು ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗಲ್ಲ. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೆ ಬಣ್ಣ ಹಾಕುವುದಕ್ಕೂ ನಿಷೇಧ ಬಂತು. 2025ರ ಫೆಬ್ರವರಿಯಲ್ಲಿ ಇಡ್ಲಿಯ ಸರದಿ. ಬಟ್ಟೆಯ ಬದಲು ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಿರುವುದು ಗೊತ್ತಾಯಿತು. 251 ಕಡೆ ನೋಡಿದಾಗ 52 ಕಡೆ ಪ್ಲಾಸ್ಟಿಕ್ ಇತ್ತು. ಇಡ್ಲಿಯನ್ನು ಅಷ್ಟು ಹೊಗಳಿದ ನನಗೆ ಇದು ನಿಜಕ್ಕೂ ನೋವು ತಂದ ಸುದ್ದಿ. ಬಟ್ಟೆ ಒಗೆಯುವ ಕೆಲಸ ಉಳಿಸಲು ಹೋಗಿ ಅಪ್ಪಟ ತಿಂಡಿಯನ್ನು ಕೆಡಿಸಿದರು.

ಬಣ್ಣವಾಗಲಿ, ಪ್ಲಾಸ್ಟಿಕ್ ಆಗಲಿ ಇವತ್ತು ತಿಂದರೆ ನಾಳೆ ಹೊಟ್ಟೆನೋವು ತರುವಂಥವಲ್ಲ. ಇವುಗಳ ಭಯ ವರ್ಷಗಟ್ಟಲೆಯ ಲೆಕ್ಕದ್ದು. ಕರಿದ ಎಣ್ಣೆಯೂ ಇದೇ ಗುಂಪು. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಒಡೆದು ಪೋಲಾರ್ ಸಂಯುಕ್ತಗಳು ಎಂಬ ವಸ್ತುಗಳಾಗುತ್ತವೆ. 2018ರ ಜುಲೈಯಿಂದ ಅವು ಶೇ 25 ಮೀರಿದರೆ ಆ ಎಣ್ಣೆ ಬಳಸುವಂತಿಲ್ಲ. ಬಳಸಿ ಮುಗಿದ ಎಣ್ಣೆಯನ್ನು ಜೈವಿಕ ಡೀಸೆಲ್ ಮಾಡುವವರಿಗೆ ಕೊಡುವ ವ್ಯವಸ್ಥೆಯೂ ಇದೆ. ಚರಂಡಿಗೆ ಸುರಿಯುವುದಕ್ಕಿಂತ, ಬೀದಿಬದಿಯ ಬೋಂಡಾ ಬಾಣಲೆಗೆ ಅಗ್ಗಕ್ಕೆ ಮಾರುವುದಕ್ಕಿಂತ ಅದು ಎಷ್ಟೋ ವಾಸಿ.

ಮಾದರಿ ತೆಗೆಯುವುದರಲ್ಲಿ ಎರಡು ಬಗೆ. ಊರಿನ ಸ್ಥಿತಿ ತಿಳಿಯಲು ತೆಗೆಯುವುದು ಒಂದು. ಅದನ್ನು ಸಮೀಕ್ಷೆಯ ಮಾದರಿ ಎನ್ನೋಣ. ಅದರ ಮೇಲೆ ಮೊಕದ್ದಮೆ ಹೂಡಲಾಗದು. ಮೊಕದ್ದಮೆಗೆ ತೆಗೆಯುವ ಕಾನೂನು ಮಾದರಿ ಇನ್ನೊಂದು. ಅದನ್ನು ನಾಲ್ಕು ಭಾಗ ಮಾಡಿ ಸೀಲ್ ಹಾಕುತ್ತಾರೆ. ಒಂದು ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತಾಧಿಕಾರಿಗೆ. ಉಳಿದದ್ದನ್ನು ಹೋಟೆಲಿನವರು ಕೇಳಿಕೊಂಡರೆ ಮಾನ್ಯತೆ ಪಡೆದ ಇನ್ನೊಂದು ಲ್ಯಾಬಿಗೆ ಕಳಿಸುತ್ತಾರೆ. ವಿಶ್ಲೇಷಕರು 14 ದಿನದಲ್ಲಿ ವರದಿ ಕೊಡಬೇಕು. ಟಿವಿಯಲ್ಲಿ "ಮಾದರಿ ಸಂಗ್ರಹಿಸಲಾಗಿದೆ" ಎಂದು ಬಂದ ಸಂಜೆಯೇ ಆ ಹೋಟೆಲನ್ನು ಅಪರಾಧಿ ಎನ್ನುವುದು ಅನ್ಯಾಯ. ವರದಿಯಲ್ಲಿ ಬರುವ ಪದಗಳನ್ನೂ ಬೇರೆ ಬೇರೆಯಾಗಿ ಓದಬೇಕು. "ಕಳಪೆ" ಎಂದರೆ ಗುಣಮಟ್ಟಕ್ಕಿಂತ ಕೆಳಗೆ, ಅದಕ್ಕೆ ದಂಡ ಐದು ಲಕ್ಷದವರೆಗೆ. "ಅಸುರಕ್ಷಿತ" ಎಂದರೆ ಆರೋಗ್ಯಕ್ಕೆ ಅಪಾಯ, ಅದಕ್ಕೆ ಜೈಲು ಶಿಕ್ಷೆಯೂ ಇದೆ. ಅದನ್ನು ತಿಂದು ಯಾರಾದರೂ ಸತ್ತರೆ ಕನಿಷ್ಠ ಏಳು ವರ್ಷ.

ನಮ್ಮ ಹೋಟೆಲಿಗೆ ಬಂದದ್ದು ಸುಧಾರಣಾ ನೋಟಿಸ್. ಇದು ಬಾಗಿಲು ಮುಚ್ಚಿಸುವುದಿಲ್ಲ. ಏನು ತಪ್ಪಿದೆ, ಏನು ಮಾಡಬೇಕು ಎಂದು ಬರೆದು ಕನಿಷ್ಠ 14 ದಿನ ಸಮಯ ಕೊಡುತ್ತದೆ. ಮಾಡದಿದ್ದರೆ ಲೈಸೆನ್ಸ್ ಅಮಾನತು, ಆಮೇಲೂ ಮಾಡದಿದ್ದರೆ ರದ್ದು. ಜನರ ಆರೋಗ್ಯಕ್ಕೆ ತಕ್ಷಣದ ಅಪಾಯ ಕಂಡರೆ ಮಾತ್ರ ತುರ್ತು ನಿಷೇಧದ ದಾರಿ. ಕೊಳಕಾದ ಕಡೆ ಆಹಾರ ತಯಾರಿಸಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ನೋಟಿಸ್ ಎಂಬ ಮಾತು ಕೇಳಿದ ಕೂಡಲೇ "ಆ ಹೋಟೆಲ್ ಸೀಲ್ ಆಯ್ತಂತೆ" ಎಂದು ವಾಟ್ಸಾಪಿನಲ್ಲಿ ಹಬ್ಬಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅದರ ಹಿಂದೆ ಇಪ್ಪತ್ತು ಮನೆಗಳ ಅನ್ನ ಇರುತ್ತದೆ.

ಹಾಗಾದರೆ ಆ ಹಿರಿಯರ ಪ್ರಶ್ನೆ? ಇಷ್ಟು ವರ್ಷ ತಿಂದಿದ್ದೇವೆ, ಏನಾಗಿದೆ?

ಆಗಿರಬಹುದು, ನಮಗೆ ಗೊತ್ತಾಗಿಲ್ಲ. ಹೊಟ್ಟೆ ಕೆಟ್ಟಾಗ ನಾವು ಕೊನೆಗೆ ತಿಂದದ್ದನ್ನು ಬೈಯುತ್ತೇವೆ. ಆದರೆ ಬ್ಯಾಕ್ಟೀರಿಯಾಗಳ ಗಡಿಯಾರ ಬೇರೆ. ಕೈಯಿಂದ ಬರುವ ಸ್ಟೆಫೈಲೋಕಾಕಸ್ ವಿಷ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ಕಾಡುತ್ತದೆ. ಸಾಲ್ಮೊನೆಲ್ಲಾ ಆರು ಗಂಟೆಯಿಂದ ಆರು ದಿನ ತೆಗೆದುಕೊಳ್ಳಬಹುದು. ಟೈಫಾಯ್ಡ್ ಕಾಣಿಸಿಕೊಳ್ಳಲು ಒಂದೆರಡು ವಾರವೇ ಬೇಕು. ಮಂಗಳವಾರದ ಚಟ್ನಿಯಿಂದ ಬಂದ ಭೇದಿಗೆ ನಾವು ಗುರುವಾರದ ಮದುವೆ ಊಟವನ್ನು ದೂರುತ್ತೇವೆ. ಪ್ರೀತಿಯ ಹೋಟೆಲನ್ನಂತೂ ದೂರುವುದೇ ಇಲ್ಲ. ಇನ್ನೊಂದು ಮಾತು. ಗಟ್ಟಿ ಆಳಿಗೆ ಒಂದು ದಿನದ ಭೇದಿ, ಆಯ್ತು. ಅದೇ ಚಟ್ನಿಯನ್ನು ಎರಡು ವರ್ಷದ ಮಗು, ಬಸುರಿ, ಎಂಬತ್ತರ ಅಜ್ಜಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ತಿನ್ನುತ್ತಾರೆ. ಅವರಿಗೆ ಅದು ಆಸ್ಪತ್ರೆಯ ದಾರಿಯಾಗಬಹುದು.

ತಪಾಸಣೆಗೂ ಮಿತಿ ಇದೆ. ಅಧಿಕಾರಿ ಬಂದದ್ದು ಒಂದು ಗಂಟೆ. ಉಳಿದ ದಿನಗಳಲ್ಲಿ ಅಡುಗೆಮನೆ ಹೇಗಿರುತ್ತದೆ ಎಂದು ಆ ಒಂದು ಗಂಟೆ ಪೂರ್ತಿ ಹೇಳಲಾರದು. ನ್ಯೂಯಾರ್ಕ್‌ನಲ್ಲಿ 2010ರಿಂದ ಪ್ರತಿ ರೆಸ್ಟೋರೆಂಟಿನ ಕಿಟಕಿಯಲ್ಲಿ ಎ, ಬಿ, ಸಿ ಎಂದು ತಪಾಸಣೆಯ ದರ್ಜೆ ಅಂಟಿಸಬೇಕು. ನಮ್ಮಲ್ಲೂ ಹೈಜೀನ್ ರೇಟಿಂಗ್ ಇದೆ, ಐದರವರೆಗೆ ನಗುಮುಖ ಕೊಡುತ್ತಾರೆ. ಆದರೆ ಇದು ಇಷ್ಟವಿದ್ದವರಿಗೆ ಮಾತ್ರ. ಅಂಕ ಎಷ್ಟು ಬಂತು ಎಂದು ಬಾಗಿಲಲ್ಲಿ ಹಾಕುವುದು ಇಲ್ಲಿಯೂ ಕಡ್ಡಾಯವಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಚೆನ್ನಾಗಿ ನಡೆಸುವವರಿಗೆ ಅದರಿಂದ ಲಾಭವೇ.

ಸ್ವಚ್ಛತೆಗೆ ಗಮನ ಕೊಡುವುದಾಗಲಿ, ಅಡುಗೆಮನೆಯನ್ನು ಜನರಿಗೆ ತೋರಿಸುವುದಾಗಲಿ ನಮಗೆ ಹೊಸದೇನಲ್ಲ. ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಹೋಟೆಲ್ ಎಂಟಿಆರ್ (ಮಾವಳ್ಳಿ ಟಿಫಿನ್ ರೂಮ್ಸ್) 1924ರಲ್ಲಿ ಶುರುವಾದದ್ದು. ಅದರ ಮಾಲೀಕ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಸ್ವಚ್ಛತೆ ನೋಡಿ ಬಂದರು. ಇಲ್ಲಿ ತಟ್ಟೆ ಲೋಟಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಕ್ರಮ ತಂದರು. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರಿಂದ ಶುರುವಾದ ದರ್ಶಿನಿ ಪದ್ಧತಿ ಇನ್ನೊಂದು ಬಗೆಯಲ್ಲಿ ಬಾಗಿಲು ತೆರೆಯಿತು. ದೋಸೆ ಹುಯ್ಯುವವರ ಕೈ ನಮ್ಮ ಕಣ್ಣೆದುರಿಗೇ ಬಂತು.

ನೀವೂ ಕೇಳಬಹುದು. "ನೀರಿನ ವರದಿ ಇದೆಯಾ ಸಾರ್?" ಎಂದು ಗಲ್ಲಾದ ಬಳಿ ಮೆಲ್ಲಗೆ ಕೇಳಿದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಕೇಳಿಯೂ ಸರಿಹೋಗದಿದ್ದರೆ 1800112100 ಎಂಬ ಉಚಿತ ಸಂಖ್ಯೆಗೆ ದೂರು ಕೊಡಬಹುದು. ಬಿಲ್ಲಿನಲ್ಲಿರುವ 14 ಅಂಕಿ ಆಗ ಉಪಯೋಗಕ್ಕೆ ಬರುತ್ತದೆ. ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ, ಮೊದಲೇ ಹೋಟೆಲಿನವರಿಗೆ ತಿಳಿಸಿ ಕೊಂಡ ಪದಾರ್ಥವನ್ನು ನೀವೇ ಶುಲ್ಕ ಕಟ್ಟಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ತಪ್ಪು ಸಿಕ್ಕರೆ ಶುಲ್ಕ ವಾಪಸ್.

ನಮ್ಮ ಹೋಟೆಲಿನವರು ಹತ್ತು ದಿನದಲ್ಲಿ ಕೆಲಸ ಮುಗಿಸಿದರು. ಮೂವರು ಹುಡುಗರಿಗೂ ತಪಾಸಣೆ ಆಯಿತು, ಲಸಿಕೆ ಹಾಕಿಸಿದರು. ನೀರಿನ ವರದಿ ಗಲ್ಲಾದ ಹಿಂದೆ, ದೇವರ ಪಟದ ಪಕ್ಕ ತೂಗುತ್ತಿದೆ. ಉಳಿದ ಸಾಂಬಾರು ಈಗ ಅಗಲ ತಟ್ಟೆಗಳಲ್ಲಿ ಆರುತ್ತದೆ. ದೊಡ್ಡ ಚಟ್ನಿ ಬಕೆಟ್ ಹೋಗಿದೆ. ಅದರ ಜಾಗದಲ್ಲಿ ಮುಚ್ಚಳವಿರುವ ಸಣ್ಣ ಸ್ಟೀಲ್ ಡಬ್ಬಿಗಳು. ಮೊನ್ನೆ ಒಂಬತ್ತು ಗಂಟೆಗೆ ಹೋದಾಗ ಸಪ್ಲೈಯರ್ ನನ್ನ ತಟ್ಟೆಗೆ ಎರಡು ಇಡ್ಲಿ ಹಾಕಿ, "ಒಂದು ನಿಮಿಷ ಅಣ್ಣಾ, ಹೊಸ ಚಟ್ನಿ ರುಬ್ತಾ ಇದ್ದಾರೆ" ಎಂದ. ಆ ಹಿರಿಯರೂ ಪಕ್ಕದಲ್ಲೇ ತಟ್ಟೆ ಹಿಡಿದು ಕಾಯುತ್ತಿದ್ದರು.